ಕಪ್ಪು ಅಂಗಿ ಸುಟ್ಟ ಹಾಡು

ಮಗಳೇ,

ಈ ಮನೆಯ ಸಮಸ್ತ ಪ್ರಜೆಗಳಿಗೆ, ಅಂದ್ರೆ ನಿನ್ನೊಬ್ಬಳಿಗೆ, ತೀವ್ರ ವಿಷಾದದಿಂದ ತಿಳಿಸೋದೇನಂದ್ರೆ: ನಿನ್ನ ಕಪ್ಪು ಅಂಗಿ ಇನ್ನಿಲ್ಲ.

ಇಸ್ತ್ರಿ ಮಾಡ್ತಾ ನಿನ್ನ ಆ ಪಂಕ್ ರಾಕ್ ಆಲ್ಬಮ್ ಹಾಕ್ಕೊಂಡಿದ್ದೆ. ಪಂಕ್ ಅಂದ್ರೆ ಬರೀ ಪಂಕ, ಕೆಸರು ಅಂದ್ಕೊಂಡಿದ್ದೆ ಕಣೇ. ಈಗ ಆ ಹಾಡೋ ಹುಡುಗಿ ನನ್ನ ಪಾಲಿಗೆ ಪಂಕಜಾಕ್ಷಿ! ಮೂರನೇ ಹಾಡಿನ ಡ್ರಮ್ಮಂತೂ ನಾನು ಕೆಲಸಕ್ಕೆ ಹೋಗೋ ಲಾಂಡ್ರಿಯ ಮಶೀನಿಗೆ ಒದ್ದೆ ಕಂಬಳಿ ಒಂದೇ ಕಡೆ ತುರುಕಿದ ಹಾಗೆ. ಕೊನೇ ಹಾಡಲ್ಲಿ "ಯಾರಾದ್ರೂ ಇದ್ದೀರಾ?" ಅಂತ ಕಿರುಚಿ ತಟ್ಟಂತ ನಿಲ್ಲಿಸ್ತಾಳಲ್ಲ, ನಾನೂ ನಿಂತುಬಿಟ್ಟೆ. ಇಸ್ತ್ರಿಪೆಟ್ಟಿಗೇನೂ ಅಂಗಿ ಮೇಲೇ ನಿಂತುಬಿಡ್ತು.

ಇವತ್ತು ಸಂಜೆ ಇಬ್ಬರೂ ಸೇರಿ ಪೂರ್ತಿ ಕೇಳೋಣ ಅಂತ ಭಾರಿ ಯೋಜನೆ ಹಾಕಿದ್ದೆ. ಕುಣಿಯೋಕೆ ಸೋಫಾ ಗೋಡೆಗೆ ತಳ್ಳಿದೀನಿ, ವಾಪಸ್ ಎಳೀಬೇಡ. ಒಂದೇ ಮನೇಲಿದ್ದೂ ನಾವು ಮಾತಾಡೋದು ಫ್ರಿಜ್ ಬಾಗಿಲಿಗೆ ಅಂಟಿಸೋ ಇಂಥ ಚೀಟೀಲಿ ತಾನೇ? ಅದಕ್ಕೇ ನನ್ನ ಸಂಜೆ ಪಾಳಿಗೆ ನನ್ನ ಬದಲು ಬರೋಕೆ ಲಾಂಡ್ರೀಲಿ ಬಟ್ಟೆ ಮಡಚೋ ಗೆಳತಿ ಒಬ್ಬಳನ್ನ ಒಪ್ಪಿಸಿದ್ದೆ.

ಈಗಷ್ಟೇ ಸೂಪರ್‌ವೈಸರ್ ಫೋನು. "ಅಮ್ಮಾ, ಅವರು ಮಡಚೋ ವಿಭಾಗ, ನೀವು ಇಸ್ತ್ರಿ ವಿಭಾಗ. ಬೇರೆ ವಿಭಾಗದೋರು ಪಾಳಿ ಬದಲಾಯಿಸ್ಕೊಳ್ಳೋ ಹಾಗಿಲ್ಲ." ಅಲ್ಲಯ್ಯಾ, ನಾನು ಇಸ್ತ್ರಿ ಮಾಡಿದ್ದನ್ನೇ ಅವಳು ಮಡಚೋದು ಅಂದೆ. ನಿಯಮ ನಿಯಮವೇ ಅಂದ.

ಹೊರಟೆ. ಊಟ ಒಲೆ ಮೇಲಿದೆ, ಬಿಸಿ ಮಾಡ್ಕೋ, ನಿಂತ್ಕೊಂಡೇ ತಿನ್ನಬೇಡ. ಆಲ್ಬಮ್ ನೀನೊಬ್ಬಳೇ ಕೇಳು. ಆದ್ರೆ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೋಬೇಡ, ಜೋರಾಗೇ ಹಾಕು. ನಾಳೆ ಪಕ್ಕದ ಮನೆಯಾಕೆ ಬಂದು ನನಗೆ ಬೈದ್ರೆ, ನೀನು ಕೇಳಿದೆ ಅಂತ ಗೊತ್ತಾಗುತ್ತೆ.

ಅಮ್ಮ