ಅಪ್ಪನ ಮನಸ್ಸು ತಿರುಗಿಸುವ ಬಗ್ಗೆ

ಅಕ್ಕಾ,

ನೀನು ಹೇಳಿದಂತೆ ಇಲ್ಲಿಯ ವಿಹಾರದ ಹಿರಿಯ ಭಿಕ್ಷುವನ್ನು ಧೈರ್ಯ ಮಾಡಿ ಕೇಳಿದೆ: ನೀನು ಕೆಲಸ ಬಿಟ್ಟಾಗಿನಿಂದ ನಿನ್ನೊಂದಿಗೆ ಮಾತು ಬಿಟ್ಟಿರುವ ಅಪ್ಪನ ಮನಸ್ಸನ್ನು ಪ್ರಾರ್ಥನೆಯಿಂದ ತಿರುಗಿಸಬಹುದೇ?

"ಅವರವರ ಮನಸ್ಸು, ಅವರವರ ಕರ್ಮ. ಇನ್ನೊಬ್ಬರ ಕೈಯಲ್ಲಿಲ್ಲಮ್ಮ" ಎಂದರು. ಆದರೆ ದಿನಾ ಬೆಳಿಗ್ಗೆ ಎಲ್ಲರೂ ಸುಖವಾಗಿರಲಿ ಎಂದು ಹಾರೈಸುವವರೂ ಅವರೇ.

ಇವತ್ತು ಅಡುಗೆಯವನು ಸಿಟ್ಟಿನಿಂದ ಪಾತ್ರೆ ಕುಕ್ಕುತ್ತಿದ್ದ. ಭಿಕ್ಷು ಪಕ್ಕದಲ್ಲಿ ಸುಮ್ಮನೆ ಆಲೂಗಡ್ಡೆ ಸುಲಿಯುತ್ತಾ ಕೂತರು. ಬುಟ್ಟಿ ಖಾಲಿಯಾಗುವಷ್ಟರಲ್ಲಿ ಅವನು ಹಾಡು ಗುನುಗುತ್ತಿದ್ದ.

"ಈಗ ತಿರುಗಿಸಿದ್ರಲ್ಲ?" ಎಂದೆ.

"ನಾನು ಸುಲಿದಿದ್ದು ಆಲೂಗಡ್ಡೆ. ಸಿಟ್ಟು ಬಿಟ್ಟಿದ್ದು ಅವನು" ಎಂದರು.

ಅಡುಗೆಯವನು, "ಇವರು ಬಂದು ಕೂತ್ರೆ ಸಿಟ್ಟು ಎಲ್ಲಿ ನಿಲ್ಲುತ್ತೆ?" ಎಂದು ನಕ್ಕ.

ಯಾರ ಮಾತು ನಿಜವೋ, ನನಗೆ ತಲೆಬುಡ ತಿಳಿಯುತ್ತಿಲ್ಲ. ನನ್ನ ಕೆಮ್ಮು ವಾಸಿಯಾಗಿದೆ. ಈ ಕಾರ್ಡಿನಲ್ಲಿ ಇನ್ನು ಜಾಗವಿಲ್ಲ. ಅಪ್ಪ ಬೆಳ್ಳುಳ್ಳಿ ಬಿಡಿಸುವಾಗ ಪಕ್ಕದಲ್ಲಿ ಹೋಗಿ ಕೂತು ನೋಡು.

ನಿನ್ನ ತಂಗಿ