ಹಿಂದಕ್ಕೆ ಬಾಗದ ಬೆನ್ನು

ಅವ್ವ,

ನೀನು ಮಣ್ಣಾಗಿ ಆರು ವರ್ಷವಾಯಿತು. ಬದುಕಿದ್ದಾಗಲೂ ನಿನಗೆ ಓದು ಬರುತ್ತಿರಲಿಲ್ಲ. ಆದರೂ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ತಿಪಟೂರಿನ ಯೋಗ ಶಿಬಿರಕ್ಕೆ ಹೋಗಿದ್ದೆ. ಕೊಬ್ಬರಿ ಮಂಡಿಯವರು ಉಂಡದ್ದು ಕರಗಿಸಲು ಬರುವ ಜಾಗ ಅದು. ನಿದ್ದೆ ಬಾರದ ನನ್ನನ್ನು ಡಾಕ್ಟರು ಅಟ್ಟಿದ್ದರು. "ಬೆನ್ನು ಹಿಂದಕ್ಕೆ ಬಾಗಿದರೆ ಎದೆ ತೆರೆದುಕೊಳ್ಳುತ್ತೆ, ಮನಸ್ಸಿನ ಭಾರ ಇಳಿಯುತ್ತೆ" ಎಂದರು ಗುರುಗಳು.

"ಎಲ್ಲರೂ ಬಗ್ಗಿ" ಅಂದದ್ದೇ ತಡ, ಮಹಿಳಾ ಸಂಘದವರು ಕರೆತಂದಿದ್ದ ಚಿಕ್ಕಗಂಗಮ್ಮ ಮುಂದಕ್ಕೆ ಬಗ್ಗಿ ನೆಲ ಮುಟ್ಟಿದಳು. ನಿನ್ನ ಹಾಗೆಯೇ ಮೂವತ್ತು ವರ್ಷ ನೆಟ್ಟ ಹಾರೆಗೆ ಬಗ್ಗಿ ತೆಂಗಿನಕಾಯಿ ಸುಲಿದವಳು.

"ಹಿಂದಕ್ಕಮ್ಮ, ಹಿಂದಕ್ಕೆ!"

"ಹಿಂದಕ್ಕೂ ಬಗ್ತಾರಾ ಸ್ವಾಮಿ? ನಮ್ಗೆ ಯಾರೂ ಹೇಳೇ ಇಲ್ಲ ಬುಡಿ."

ಶಿಬಿರವೆಲ್ಲ ನಕ್ಕಿತು. ನನಗೆ ನೀನು ನೆನಪಾದೆ. ಓದು ಮುಗಿಸಿ ಬಂದ ಹೊಸದರಲ್ಲಿ ದಂಡಿನಶಿವರದ ಕೂಲಿಕಾರರ ಸಭೆಯಲ್ಲಿ ಮೈಕು ಹಿಡಿದು, ಮುಂದೆ ಕೂತಿದ್ದ ನಿನ್ನನ್ನೇ ತೋರಿಸಿ, "ಇದು ಗುಲಾಮರ ಬೆನ್ನು" ಎಂದು ಕೂಗಿದವನು ನಾನು. ಜನ ಚಪ್ಪಾಳೆ ಹೊಡೆದರು. ನೀನು ಸೆರಗು ಹೊದ್ದು ಬೆನ್ನು ಮುಚ್ಚಿಕೊಂಡೆ.

ಇವತ್ತು ಶಿಬಿರದಲ್ಲಿ ನಾನೂ ಹಿಂದಕ್ಕೆ ಬಾಗಿದೆ. "ಎಂಥ ಸಲೀಸು ಬೆನ್ನು ನಿಮ್ಮದು!" ಎಂದು ಗುರುಗಳು ಹೊಗಳಿದರು. ಭಾರ ಮಾತ್ರ ಇಳಿಯಲಿಲ್ಲ. ನಾನೂ ಸುಲಿಯುತ್ತೇನೆಂದು ಕಾಯಿ ರಾಶಿಯ ಹತ್ತಿರ ಬಂದಾಗಲೆಲ್ಲ "ಓದ್ಕೋ ಹೋಗ್ಲಾ" ಎಂದು ನನ್ನನ್ನು ಓಡಿಸುತ್ತಿದ್ದವಳು ನೀನು.