ನಾಯಿ ದಪ್ಪವಾದ ಕಂತು

ಔಲು,
ಮಂಗಳವಾರ, ಫೆಬ್ರವರಿ ಹತ್ತು

ಪ್ರೀತಿಯ ವೆಸಾ,

ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಬೆಲ್ಟು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಅದು ಪೆಟ್ಟಿಗೆಯಲ್ಲೇ ಬೆಚ್ಚಗೆ ಮಲಗಿದೆಯೋ? ಸಮುದ್ರದ ಮಂಜುಗಡ್ಡೆ ಒಡೆಯುವ ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು ನೀನು. ಸೊಂಟ ಹಿಡಿದ ತುಂಟನನ್ನು ಯಾವ ಮಂಜೂ ಮನ್ನಿಸುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನೆತ್ತಿದರೆ ನೀನೊಂದು ಚಟಾಕಿ, ನಾನೊಂದು ಪಟಾಕಿ, ಹೇಳಬೇಕಾದ್ದು ಬಾಕಿ. ಅದಕ್ಕೇ ಈ ಕಾಗದ. ಗುರುವಾರ ನಿಮ್ಮ ಹಡಗು ಸಾಮಾನು ತುಂಬಿಕೊಳ್ಳಲು ಕೆಮಿ ಬಂದರಿಗೆ ಬಂದಾಗ ನಿನ್ನ ಕೈಸೇರಲಿ.

ಹಿಮ ಅಡುಗೆಮನೆಯ ಕಿಟಕಿಯವರೆಗೆ ಏರಿದೆ. ಮುಸ್ತಿ ಆರಾಮಾಗಿದೆ. ನಾಯಿಗೆ ಬೊಜ್ಜು ಬಂದಿದೆ ಎಂದು ಪಶುವೈದ್ಯೆ ಶರತ್ಕಾಲದಲ್ಲಿ ನಮ್ಮನ್ನು ಬೈದು ಪಥ್ಯ ಹೇಳಿದ್ದಳಲ್ಲ? ಮೊನ್ನೆ ತೂಗಿದರೆ ಸಪೂರ! "ಅಬ್ಬಾ, ಏನ್ರೀ ಮಾಡಿದ್ರಿ?" ಎಂದು ಆಕೆ ಬೆರಗಾದಳು. ಏನೂ ಮಾಡಿಲ್ಲ ಎಂದೆ. ನಿಜವಾಗಿಯೂ ಏನೂ ಮಾಡಿಲ್ಲ, ವೆಸಾ. ಈ ಮಾತಿಗೆ ಆಮೇಲೆ ಬರುತ್ತೇನೆ. ಬರಲು ಧೈರ್ಯ ಸಾಲುತ್ತಿಲ್ಲ.

ಭಾನುವಾರ ಆಸ್ಪತ್ರೆಗೆ ಹೋಗಿ ಹಿಲ್ಲಾಳನ್ನು ನೋಡಿಬಂದೆ. ಊಟ ಬಿಟ್ಟ ಹುಡುಗಿಯರ ಆ ವಾರ್ಡಿನಲ್ಲಿ ನಮ್ಮವಳೇ ಈಗ ಹಳಬಳು. ನೀನು ಹೋದಾಗ ಹೇಗಿದ್ದಳೋ ಹಾಗೇ ಇದ್ದಾಳೆ. ಎರಡು ಸ್ವೆಟರ್ ಹಾಕಿಯೂ ನಡುಗುತ್ತಾಳೆ. ಮುಂದಿಟ್ಟ ಗಂಜಿಯನ್ನು ಚಮಚದಿಂದ ತಿರುವುತ್ತಾ ಕೂರುತ್ತಾಳೆ. ಆದರೆ ನರ್ಸ್ ಸೋಯ್ಲಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಶುಕ್ರವಾರ ಸಂಜೆ ಬನ್ನಿ ನೋಡೋಕೆ. ಟಿವೀಲಿ ‘ಕೊಸ್ಕಿ ಮನೆಯವರು’ ಬರುವಾಗ ನಿಮ್ಮ ಹುಡುಗಿ ನಗ್ತಾ ನಗ್ತಾ ರೈ ರೊಟ್ಟಿ ಪೂರ್ತಿ ತಿಂತಾಳೆ. ವಾರಕ್ಕೆಲ್ಲ ಯಾರೂ ಪುಸಲಾಯಿಸದೆ ತಿನ್ನೋದು ಅದೊಂದೇ." ಆ ವಾರ್ಡಿನಲ್ಲಿ ಹನ್ನೆರಡಕ್ಕಿಂತ ಮೇಲಿನ ವಯಸ್ಸಿನ ಗುರುತಿರುವ ಯಾವ ಕಾರ್ಯಕ್ರಮವನ್ನೂ ತೋರಿಸುವುದಿಲ್ಲ ಎಂಬುದು ನಿನಗೆ ನೆನಪಿರಲಿ. ನಾನು ಹೊರಡುವಾಗ ಹಿಲ್ಲಾ ನನ್ನ ತೋಳು ಹಿಡಿದು, "ಅಮ್ಮಾ, ಹೊಸ ಕಂತುಗಳು ನಿನ್ನ ಹತ್ರಾನೇ ಬಂದಿವ್ಯಾ? ಹೇಳ್ಬೇಡ, ಹೇಳ್ಬೇಡ! ಕಿವಿ ಮುಚ್ಕೊಂಡಿದೀನಿ" ಎಂದಳು. ಕೈ ಎತ್ತಿ ಕಿವಿ ಮುಚ್ಚಿಕೊಂಡಾಗ ಮಣಿಕಟ್ಟು ಕಂಡಿತು. ಅದನ್ನು ನಾನು ವರ್ಣಿಸುವುದಿಲ್ಲ.

ಬಂದಿವೆ, ನನ್ನ ಹತ್ತಿರವೇ ಬಂದಿವೆ. ನನ್ನ ಕೆಲಸ ನಿನಗೆ ಗೊತ್ತು: ಕಂತು ನೋಡು, ವಯಸ್ಸು ಹಾಕು, ಸಂಬಳ ಎಣಿಸು. ಎಲ್ಲರಿಗೂ, ಏಳು, ಹನ್ನೆರಡು, ಹದಿನಾರು; ಅದಕ್ಕಿಂತ ಚಿಕ್ಕವರು ನೋಡುವಂತಿಲ್ಲ. ನಾನೊಬ್ಬಳೇ ಕೂತು ಹಾಕಿದ ಗುರುತು ಇಡೀ ದೇಶದ ಪರದೆಯ ಮೂಲೆಯಲ್ಲಿ ಕೂರುತ್ತದೆ. ಹೊಡೆದಾಟಕ್ಕೆ ಮುಷ್ಟಿಯ ಚಿತ್ರ, ಮನಸ್ಸನ್ನು ಕಲಕುವುದಕ್ಕೆ ಜೇಡದ ಚಿತ್ರ. ‘ಕೊಸ್ಕಿ ಮನೆಯವರು’ ಇದುವರೆಗೆ ಏಳು ದಾಟಿದ್ದೇ ಇಲ್ಲ. ಅಪ್ಪ ಹಬೆ ತುಂಬಿದ ಸೌನಾದಲ್ಲಿ ಜಾರುತ್ತಾನೆ, ಅಜ್ಜಿ ಅಡುಗೆಯನ್ನು ದೂರುತ್ತಾಳೆ, ಎಲ್ಲ ಕೂಡಿ ನಗುತ್ತಾರೆ. ಇದಕ್ಕೇನು ಜೇಡ?

ಈ ಸಲ ಮನೆಯ ಮಗಳು ನೆತ್ತಾ ಸಣ್ಣಗಾಗಲು ಹೊರಡುತ್ತಾಳೆ. ಊಟದ ಮೇಜಿನ ಕೆಳಗೆ ಕೈ ಇಳಿಸಿ ಆಲೂಗಡ್ಡೆ, ಮಾಂಸದುಂಡೆ, ಎಲ್ಲವನ್ನೂ ನಾಯಿಗೆ ದಾಟಿಸುತ್ತಾಳೆ. ಕಂತಿನಿಂದ ಕಂತಿಗೆ ಅವಳು ಸಣ್ಣಗಾಗುತ್ತಾಳೆ, ನಾಯಿ ದಪ್ಪವಾಗುತ್ತದೆ. ಅಪ್ಪ ನಾಯಿಯನ್ನು ಓಟಕ್ಕೆ ಕರೆದೊಯ್ದು ತಾನೇ ಏದುಸಿರು ಬಿಡುತ್ತಾನೆ. ಅಮ್ಮ ಮಗಳ ಸೊಂಟ ಹಿಡಿದು "ಎಷ್ಟ್ ಚೆಂದ ಕಾಣ್ತಿದೀಯೇ!" ಎನ್ನುತ್ತಾಳೆ. ಹಿನ್ನೆಲೆಯಲ್ಲಿ ನಗೆಯ ಅಲೆ. ಸುಳ್ಳೇಕೆ, ನಾನೂ ನಕ್ಕೆ. ನಾಯಿ ತನ್ನ ಬಾಗಿಲ ಕಿಂಡಿಯಲ್ಲಿ ಸಿಕ್ಕಿಕೊಂಡಾಗ ಕಾಫಿ ಮೂಗಿಗೇರುವಂತೆ ನಕ್ಕೆ. ಆ ನಗು ಮುಗಿಯುವ ಮೊದಲೇ ನನ್ನ ಕಾಲ ಬುಡದಲ್ಲಿ ಮಲಗಿದ್ದ ನಮ್ಮ ಮುಸ್ತಿ ಆಕಳಿಸಿತು. ನಾನು ಬಗ್ಗಿ ಅದರ ಸಪೂರ ಹೊಟ್ಟೆ ನೋಡಿದೆ.

ಹಿಲ್ಲಾ ಮನೆಯಲ್ಲಿದ್ದಷ್ಟು ದಿನ ನಾಯಿ ಊದಿತು, ವೆಸಾ. ಅವಳು ವಾರ್ಡಿಗೆ ಹೋದಳು, ನಾಯಿ ಇಳಿಯಿತು. ಶರತ್ಕಾಲದಲ್ಲಿ ಅವಳ ತಟ್ಟೆ ಖಾಲಿಯಾದಾಗಲೆಲ್ಲ ನಾವಿಬ್ಬರೂ ಅವಳು ಪುಟ್ಟವಳಿದ್ದಾಗಿನ ಪದ್ಯ ಹಾಡಿದೆವು: ‘ಹಿಲ್ಲಾ ಹಿಲ್ಲಾ, ತಟ್ಟೇಲೇನೂ ಇಲ್ಲಾ!’ ಅವಳೂ ನಗುತ್ತಿದ್ದಳು. ನಮ್ಮ ಮನೆಯಲ್ಲಿ ನಗೆಯ ಅಲೆ ಹಾಕಲು ಬೇರೆ ಜನ ಬೇಕಿರಲಿಲ್ಲ.

ವಾಹಿನಿಯ ತೈನಾ ದಿನಾ ಫೋನ್ ಮಾಡುತ್ತಾಳೆ. "ಏಳು ಹಾಕಿ ಕಳ್ಸೇ ಔತಿ, ಶುಕ್ರವಾರ ಪ್ರಸಾರ." ಹದಿನಾರು ಆಗಬಹುದು ಎಂದೆ. "ಹದಿನಾರಾ? ನಾಯಿ ದಪ್ಪ ಆಗಿದ್ದಕ್ಕಾ? ರಕ್ತ ಇಲ್ಲ, ಚಾಕು ಇಲ್ಲ, ಒಂದು ಕೆಟ್ಟ ಮಾತಿಲ್ಲ! ಹಾಸ್ಯ ಇದ್ರೆ ಭಾರ ಕಡಿಮೆ ಅಂತ ನಿಮಗೆ ಕಲಿಸಿರೋದೇ ಅಲ್ವೇನೇ?" ಹೌದು, ಕಲಿಸಿದ್ದಾರೆ. ಬಾಣಲೆಯಲ್ಲಿ ಹೊಡೆದರೂ ನಗು ಬಂದರೆ ವಯಸ್ಸು ಒಂದು ಮೆಟ್ಟಿಲು ಇಳಿಯುತ್ತದೆ. ಆಮೇಲೆ ಅವಳು ದನಿ ತಗ್ಗಿಸಿ, "ನೋಡು, ನೀನು ನಿನ್ನ ಮಗಳ ಕಣ್ಣಲ್ಲಿ ನೋಡ್ತಿದೀಯ. ಆಗಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ" ಎಂದಳು. ಬೇರೆಯವರು ಏಳು ಹಾಕುತ್ತಾರೆ. ನಾಯಿಗೆ ನಗುತ್ತಾರೆ, ಮನೆಗೆ ಹೋಗುತ್ತಾರೆ. ಆ ವಾರ್ಡಿನ ಹುಡುಗಿಯರೆಲ್ಲ ಸಾಲಾಗಿ ಕೂತು ಒಂದು ಉಪಾಯ ಕಲಿಯುತ್ತಾರೆ. ಹದಿನಾರು ಹಾಕಿದರೋ, ನನ್ನ ಮಗಳು ತಿನ್ನುವ ಒಂದೇ ರೊಟ್ಟಿಯನ್ನು ನಾನೇ ಕಿತ್ತುಕೊಂಡಂತೆ. ನಿನ್ನೆಯಿಂದ ತೀರ್ಪು ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದೇನೆ. ಇಷ್ಟು ವರ್ಷ ಊರ ಮಕ್ಕಳಿಗೆಲ್ಲ ವಯಸ್ಸು ಹಾಕಿದವಳಿಗೆ ತನ್ನ ಮಗುವಿಗೆ ಯಾವುದು ಸರಿ ಎಂದು ತಿಳಿಯುತ್ತಿಲ್ಲ. ಪ್ರಾಸವೂ ಕೈಕೊಟ್ಟಿದೆ, ನೋಡು.

ಹುಷಾರಾಗಿರು. ಉಣ್ಣೆ ಕಾಲುಚೀಲ ಬದಲಾಯಿಸು. ನಿನ್ನ ಹಡಗಿನ ಅಡುಗೆಯವನಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ತಟ್ಟೆಯನ್ನಾದರೂ ಯಾರೋ ಗಮನಿಸುತ್ತಿದ್ದಾರೆಂಬ ಸಮಾಧಾನ ನನಗಿರಲಿ.

ನಿನ್ನ ದಾರಿ ಕಾಯುವ,
ಔತಿ

ಮತ್ತೆ: ಅಂಚೆಗೆ ಹೋಗಲು ಬೂಟು ಹಾಕಿದವಳು ವಾಪಸು ಬಂದು ನಿಂತೇ ಬರೆಯುತ್ತಿದ್ದೇನೆ. ತೀರ್ಪು ಕಳಿಸಿಬಿಟ್ಟೆ. ಹದಿನಾರು, ಜೊತೆಗೆ ಜೇಡ. ಶುಕ್ರವಾರ ಸಂಜೆ ಹಿಲ್ಲಾಳ ಮುಂದೆ ರೊಟ್ಟಿ ಇರುತ್ತದೆ, ಕೊಸ್ಕಿ ಮನೆಯವರು ಇರುವುದಿಲ್ಲ. ಯಾರು ತಪ್ಪಿಸಿದರೆಂದು ಅವಳಿಗೆ ತಕ್ಷಣ ಗೊತ್ತಾಗುತ್ತದೆ. ನನ್ನ ಮುಖ ಕಂಡರೆ ತಟ್ಟೆ ದೂಡುತ್ತಾಳೆ. ಕೆಮಿಯಲ್ಲಿ ಇಳಿದುಬಿಡು. ಸೊಂಟ ಹಿಡಿದಿದೆ ಎನ್ನು, ಹೆಂಡತಿಗೆ ತಲೆ ಕೆಟ್ಟಿದೆ ಎನ್ನು, ಎರಡೂ ಸುಳ್ಳಲ್ಲ. ರೈಲು ಹತ್ತಿ ಬಾ. ಅವಳ ಪಕ್ಕ ಕೂತು ನೀನೂ ರೊಟ್ಟಿ ತಿನ್ನು, ಹಡಗಿನ ಸುಳ್ಳುಸುಳ್ಳು ಕಥೆಗಳನ್ನೆಲ್ಲ ಹೇಳು. ತಟ್ಟೆ ಕಡೆ ನೋಡಬೇಡ, ಆ ಪದ್ಯ ಮಾತ್ರ ಹಾಡಬೇಡ. ಒಂದು ಕೈ ಮೇಜಿನ ಕೆಳಗೇ ಇಟ್ಟಿರು. ಅವಳು ಮೆಲ್ಲಗೆ ಏನಾದರೂ ಕೆಳಗಿಳಿಸಿದರೆ ಅಲ್ಲಿ ನಿನ್ನ ಕೈ ಸಿಗಲಿ.